ಮುಹೂರ್ತಕ್ಕೂ ಮೊದಲಿನ ಕಾಗದ ಪತ್ರ: ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡುವವರಿಗೆ

ನನ್ನ ಮೊದಲ ಕಿರುಚಿತ್ರ 22 ನಿಮಿಷದ್ದು. ಶೂಟಿಂಗ್ ನಾಲ್ಕೇ ದಿನದಲ್ಲಿ ಮುಗಿಯಿತು. ಆಮೇಲೆ ಅದು ಹಾರ್ಡ್ ಡಿಸ್ಕಿನಲ್ಲಿ ಹದಿನಾಲ್ಕು ತಿಂಗಳು ಕೂತಿತ್ತು.

ಕಥೆ ತೀರಿಕೊಂಡ ಲೇಖಕರೊಬ್ಬರದು. ಅವರ ಹಿರಿಯ ಮಗನ ಮನೆಗೆ ಹೋಗಿ ಕೇಳಿದ್ದೆ. ಕಾಫಿ ಕೊಟ್ಟು, "ಅಪ್ಪನ ಕಥೆ ಸಿನಿಮಾ ಆಗುತ್ತೆ ಅಂದ್ರೆ ನಮಗೂ ಸಂತೋಷ, ಮಾಡಿ" ಅಂದರು. ಅಷ್ಟು ಸಾಕು ಅಂದುಕೊಂಡೆ. ಚಿತ್ರ ಒಂದು ಉತ್ಸವಕ್ಕೆ ಆಯ್ಕೆಯಾಯಿತು. ಉತ್ಸವದವರು ಕಥೆಯ ಹಕ್ಕಿನ ಪತ್ರ ಕಳಿಸಿ ಅಂದರು. ಪತ್ರಕ್ಕೆ ಸಹಿ ಹಾಕಿಸಲು ಹೋದಾಗಲೇ ನನಗೆ ಗೊತ್ತಾಗಿದ್ದು, ಲೇಖಕರಿಗೆ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ ಅಂತ. ಕಿರಿಯವರು ಸಹಿ ಹಾಕಲಿಲ್ಲ. "ನಮ್ಮನ್ನು ಯಾಕೆ ಕೇಳಲಿಲ್ಲ?" ಅಂದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.

ನಾನು ವಕೀಲಿಕೆ ಓದಿಲ್ಲ. ಸಣ್ಣ ಚಿತ್ರ, ಸಾಕ್ಷ್ಯಚಿತ್ರ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ದೊಡ್ಡ ಮೊತ್ತ ಹಾಕುವಾಗ, ನಿಜವಾದ ಅಪರಾಧದ ಕಥೆ ಮುಟ್ಟುವಾಗ ವಕೀಲರಿಗೆ ಸ್ಕ್ರಿಪ್ಟ್ ತೋರಿಸಲೇಬೇಕು. ಉಳಿದ ಕೆಲಸದಲ್ಲಿ ಜಾಸ್ತಿ ಪಾಲು ನಮ್ಮ ಕೈಯಲ್ಲೇ ಇದೆ. ಕ್ಯಾಮೆರಾ ಬಾಡಿಗೆಗೆ ಹೇಳುವ ಮೊದಲು ಎರಡು ವಾರ ಇದಕ್ಕೆ ಇಡಿ.

ಕಥೆ ಯಾರದು ಅಂತ ಮೊದಲು ನೋಡಿ

ಸ್ಕ್ರಿಪ್ಟ್ ನಿಮ್ಮದೇ ಆದರೆ ಕೆಲಸ ಸುಲಭ. ಬರೆದ ಕ್ಷಣದಿಂದ ಕಾಪಿರೈಟ್ ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂತ 1957ರ ಕಾಪಿರೈಟ್ ಕಾಯ್ದೆ ಹೇಳುವುದಿಲ್ಲ. ಆದರೂ ಮಾಡಿಸಿಡಿ ಅಂತಲೇ ನನ್ನ ಸಲಹೆ. ಬರಹಕ್ಕೆ ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನಲ್ಲೇ ಹಾಕಬಹುದು. ನಾಳೆ ಯಾರಾದರೂ ತಗಾದೆ ತೆಗೆದರೆ ತಾರೀಕು ಇರುವ ಒಂದು ಸರ್ಕಾರಿ ದಾಖಲೆ ನಿಮ್ಮ ಬಳಿ ಇರುತ್ತದೆ.

ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಹಳ್ಳಿಗೆ ವಾಪಸ್ ಬರುವ ಇಂಜಿನಿಯರ್, ಮಗನಿಗಾಗಿ ಕಾಯುವ ತಾಯಿ, ಇವು ಯಾರ ಸ್ವತ್ತೂ ಅಲ್ಲ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ವಸ್ತು ಒಂದೇ ಇದ್ದರೂ ಹೇಳುವ ರೀತಿ ಬೇರೆ ಇದ್ದರೆ ಅದು ಕದ್ದದ್ದಲ್ಲ. ಆದರೆ ದೃಶ್ಯಗಳ ಜೋಡಣೆ, ಪಾತ್ರಗಳ ಸ್ವಭಾವ, ಮಾತು ಎಲ್ಲಾ ಒಂದೇ ಥರ ಇದ್ದರೆ "ಐಡಿಯಾ ಮಾತ್ರ ತಗೊಂಡೆ" ಅನ್ನುವ ಮಾತು ನಿಲ್ಲುವುದಿಲ್ಲ. ಟೈಟಲ್ ಕಾರ್ಡಿನಲ್ಲಿ "ಸ್ಫೂರ್ತಿ" ಅಂತ ಹಾಕಿದ ಮಾತ್ರಕ್ಕೂ ಅನುಮತಿ ಸಿಕ್ಕಂತಾಗುವುದಿಲ್ಲ.

ಬೇರೆಯವರ ಕಥೆಯಾದರೆ ಲೆಕ್ಕ ಹೀಗೆ. ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಟಿ.ಪಿ. ಕೈಲಾಸಂ 1946ರಲ್ಲಿ ತೀರಿಕೊಂಡರು. ಅವರ ಕಾಲದಲ್ಲೇ ಅಚ್ಚಾದ ನಾಟಕಗಳ ಹಕ್ಕು 2006ರ ಕೊನೆಗೆ ಮುಗಿಯಿತು. ಕುವೆಂಪು 1994ರಲ್ಲಿ ತೀರಿಕೊಂಡರು, ಅಂದರೆ 2054ರ ಕೊನೆಯವರೆಗೂ ಕೇಳಬೇಕು. ಲೇಖಕರು ಹೋದ ಮೇಲೆ ಮೊದಲ ಸಲ ಅಚ್ಚಾದ ಬರಹಕ್ಕೆ ಅಚ್ಚಾದ ವರ್ಷದಿಂದ ಲೆಕ್ಕ. ಅನುವಾದದ ಹಕ್ಕು ಬೇರೆ, ಅದು ಅನುವಾದಕರದು. ಹಳೇ ಬಂಗಾಳಿ ಕಥೆಯ ಹಕ್ಕು ಮುಗಿದಿದ್ದರೂ ನೀವು ಓದಿದ ಕನ್ನಡ ಅನುವಾದದ ಹಕ್ಕು ಇನ್ನೂ ಇರಬಹುದು.

ಲೇಖಕರು ಇಲ್ಲದಿದ್ದರೆ ವಾರಸುದಾರರು ಎಷ್ಟು ಜನ ಅಂತ ಮೊದಲೇ ಕೇಳಿ. ಕೇಳಲು ಮುಜುಗರ ಆಗುತ್ತದೆ, ನನಗೂ ಆಗಿತ್ತು. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷದ ಪ್ರತಿ ಅವರ ಮನೆಯಲ್ಲಿ ಹೆಚ್ಚಾಗಿ ಇದ್ದೇ ಇರುತ್ತದೆ, ಆಸ್ತಿ ಕೆಲಸಕ್ಕೆ ಮಾಡಿಸಿರುತ್ತಾರೆ. ಅದರ ಒಂದು ಪ್ರತಿ ಕೊಡಿ ಅಂತ ವಿನಯದಿಂದ ಕೇಳಿ. ಲೇಖಕರು ಉಯಿಲು ಬರೆದಿದ್ದರೆ ಅದನ್ನೂ ನೋಡಿ. ಹಕ್ಕು ಮೂವರದಾದರೆ ಒಬ್ಬರ ಸಹಿ ಸಾಲದು. ಲೇಖಕರು ಬದುಕಿದ್ದಾಗಲೇ ಪ್ರಕಾಶಕರಿಗೋ ಇನ್ನೊಬ್ಬ ನಿರ್ಮಾಪಕರಿಗೋ ಸಿನಿಮಾ ಹಕ್ಕು ಬರೆದುಕೊಟ್ಟಿದ್ದರೇ ಅಂತಲೂ ವಿಚಾರಿಸಿ.

ಹೆಸರಿನ ವಿಷಯ ಒಂದು ಮಾತು. ಟೈಟಲ್‌ಗೆ ಕಾಪಿರೈಟ್ ಇಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಥಿಯೇಟರ್‌ಗೆ ಬರುವ ಚಿತ್ರವಾದರೆ ಬೆಂಗಳೂರಿನ ಫಿಲಂ ಚೇಂಬರ್‌ನಲ್ಲಿ ಟೈಟಲ್ ನೋಂದಣಿ ನಡೆಯುತ್ತದೆ. ಪೋಸ್ಟರ್ ಮಾಡಿಸುವ ಮೊದಲು ಅಲ್ಲಿ ವಿಚಾರಿಸಿ.

ಕರಾರುಪತ್ರದಲ್ಲಿ ಬಿಟ್ಟುಹೋಗುವ ಎರಡು ಸಾಲು

ಹಕ್ಕು ಬರೆದುಕೊಡುವುದು ಬಾಯಿಮಾತಿನಲ್ಲಿ ಆಗುವುದಿಲ್ಲ. ಕಾಗದದ ಮೇಲೆ ಇರಬೇಕು, ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಹಣ, ಇದನ್ನೆಲ್ಲ ಸಾಮಾನ್ಯವಾಗಿ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಎರಡು: ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ.

ಇವೆರಡನ್ನು ಬರೆಯದಿದ್ದರೆ ಕಾನೂನೇ ತನ್ನ ಅಳತೆ ಹಾಕುತ್ತದೆ. ಅವಧಿ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಈಗ ಯೋಚಿಸಿ, ಚಿತ್ರ ಯೂಟ್ಯೂಬಿಗೆ ಹೋದ ದಿನವೇ ದುಬೈ, ಕ್ಯಾಲಿಫೋರ್ನಿಯಾದ ಕನ್ನಡಿಗರು ನೋಡುತ್ತಾರೆ ಅಲ್ವಾ? ಆ ಹಕ್ಕು ನಿಮ್ಮ ಬಳಿ ಇರುವುದೇ ಇಲ್ಲ. ಆದ್ದರಿಂದ "ಇಡೀ ಜಗತ್ತಿಗೆ" ಅಂತ ಬರೆಯಿರಿ. "ಕಾಪಿರೈಟ್ ಇರುವಷ್ಟು ಕಾಲ" ಅಥವಾ ಇಬ್ಬರೂ ಒಪ್ಪಿದಷ್ಟು ವರ್ಷ ಅಂತ ಬರೆಯಿರಿ.

ಇನ್ನೊಂದು ಸೂಕ್ಷ್ಮ ಇದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಹಕ್ಕು ವಾಪಸ್ ಹೋಗುತ್ತದೆ. ಹಣ ಹೊಂದಿಸಲು ನಮ್ಮಂಥವರಿಗೆ ಒಂದು ವರ್ಷ ಸಾಕಾಗುವುದೇ ಇಲ್ಲ. ಹಾಗಾಗಿ ಚಿತ್ರ ಮುಗಿಸಲು ಮೂರು ವರ್ಷ ಸಮಯ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ.

ಕ್ಯಾಮೆರಾಮನ್, ಎಡಿಟರ್, ಸಂಗೀತ ಮಾಡುವವರು ಸ್ನೇಹಿತರೇ ಇರಬಹುದು. ಆದರೂ ಒಂದೊಂದು ಪುಟದ ಪತ್ರ ಇರಲಿ. ಕೆಲಸ ಏನು, ಹಣ ಎಷ್ಟು, ಯಾವಾಗ, ಹೆಸರು ಹೇಗೆ ಹಾಕುತ್ತೇವೆ, ಫುಟೇಜ್ ಯಾರ ಬಳಿ ಇರುತ್ತದೆ. ಸಿನಿಮಾದ ಕಾಪಿರೈಟ್ ಸಾಮಾನ್ಯವಾಗಿ ನಿರ್ಮಾಪಕರದು. ಆದರೆ ಹಣ ಹಾಕಿದ್ದು ನಾಲ್ಕು ಜನ, ನಿರ್ಮಾಪಕ ಯಾರು ಅಂತ ಬರೆದಿಲ್ಲ ಅಂದರೆ ಅಲ್ಲೇ ಜಗಳ ಶುರು. ಹಣ ಪಡೆಯದೆ ಕೆಲಸ ಮಾಡುವವರ ಪತ್ರದಲ್ಲಿ ಅದನ್ನೂ ಬರೆಯಿರಿ, ಮುಂದೆ ಹಣ ಬಂದರೆ ಎಷ್ಟು ಪಾಲು ಅಂತಲೂ ಬರೆಯಿರಿ. ಗೀತೆ ಬರೆದವರು ಮತ್ತು ಸಂಗೀತ ಕೊಟ್ಟವರಿಗೆ 2012ರ ತಿದ್ದುಪಡಿ ಒಂದು ರಕ್ಷಣೆ ಕೊಟ್ಟಿದೆ. ಥಿಯೇಟರ್ ಹೊರತಾಗಿ ಬೇರೆ ಕಡೆ ಹಾಡು ಬಳಕೆಯಾದಾಗ ಬರುವ ರಾಯಧನವನ್ನು ಅವರು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲ. "ಎಲ್ಲಾ ಹಕ್ಕೂ ನಮಗೆ" ಅಂತ ಬರೆಸಿಕೊಂಡರೂ ಆ ಸಾಲು ಅಲ್ಲಿ ನಡೆಯುವುದಿಲ್ಲ. ಇದು ಬಹಳ ಒಳ್ಳೆಯ ತಿದ್ದುಪಡಿ ಅಂತ ನನ್ನ ಅಭಿಪ್ರಾಯ.

ಸ್ಟಾಂಪ್ ಪೇಪರ್ ಎಷ್ಟರದ್ದು ಅಂತ ಕರಾರಿನ ಬಗೆ ನೋಡಿ ನಿರ್ಧಾರವಾಗುತ್ತದೆ. ಇ-ಸ್ಟಾಂಪ್ ಕೊಡುವ ಕಡೆ ಕೇಳಿದರೆ ಹೇಳುತ್ತಾರೆ. 18 ವರ್ಷ ತುಂಬದವರು ಕರಾರಿಗೆ ಸಹಿ ಹಾಕಿದರೆ ಅದು ಸಿಂಧು ಅಲ್ಲ. ಕಾಲೇಜಿನ ತಂಡಗಳು ಇದನ್ನು ಗಮನಿಸಿ, ಪಿಯುಸಿ ಹುಡುಗರ ಪರವಾಗಿ ಅಪ್ಪ ಅಮ್ಮ ಸಹಿ ಹಾಕಬೇಕು.

ಹಾಡು ಹಾಕುವ ಮೊದಲು

ಅತಿ ಹೆಚ್ಚು ಜನ ಎಡವುವುದು ಇಲ್ಲೇ. "ಏಳು ಸೆಕೆಂಡ್ ಬಳಸಿದರೆ ಏನೂ ಆಗಲ್ಲ", "ಮೂವತ್ತು ಸೆಕೆಂಡ್ ಒಳಗಿದ್ದರೆ ಫ್ರೀ" ಅನ್ನುವ ಮಾತು ಎಲ್ಲಾ ಕಡೆ ಓಡಾಡುತ್ತದೆ. ಹಾಗೆ ಸೆಕೆಂಡಿನ ರಿಯಾಯಿತಿ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ವಿಮರ್ಶೆ, ವರದಿಯಂಥ ಕೆಲವು ಉದ್ದೇಶಕ್ಕೆ ನ್ಯಾಯವಾದ ಬಳಕೆಗೆ ಅವಕಾಶ ಇದೆ. ನಾಯಕಿ ಬಸ್ಸಿನಲ್ಲಿ ಕೂತಾಗ ಹಿಂದೆ ಹಳೇ ಹಾಡು ಬರುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಹಾಡಿನಲ್ಲಿ ಮೂರು ಪದರ ಇರುತ್ತವೆ. ಸಾಹಿತ್ಯ, ರಾಗ ಸಂಯೋಜನೆ, ಆ ಧ್ವನಿಮುದ್ರಣ. ಮೂರಕ್ಕೂ ಹಕ್ಕುದಾರರು ಬೇರೆ ಬೇರೆ ಇರಬಹುದು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದದ ಸಾಹಿತ್ಯ ಎಲ್ಲರದು. ಆದರೆ ನಾವು ಕೇಳಿ ಬೆಳೆದ ಕ್ಯಾಸೆಟ್ಟಿನ ರಾಗ ಈಚಿನ ಸಂಯೋಜಕರದು, ಆ ಮುದ್ರಣ ಕಂಪನಿಯದು. ತತ್ವಪದ ಬೇಕೆಂದರೆ ಊರಿನ ಭಜನಾ ತಂಡದವರನ್ನು ಕರೆದು, ಅವರದೇ ಸಾಂಪ್ರದಾಯಿಕ ಧಾಟಿಯಲ್ಲಿ ಹಾಡಿಸಿ ರೆಕಾರ್ಡ್ ಮಾಡಿ. ಅವರಿಂದ ಒಪ್ಪಿಗೆ ಪತ್ರ ಪಡೆಯಿರಿ, ಹಣ ಕೊಡಿ, ಹೆಸರು ಹಾಕಿ. ಹಾಡುವವರಿಗೂ ತಮ್ಮ ಹಾಡಿನ ಮೇಲೆ ಕಾನೂನಿನ ಹಕ್ಕು ಇದೆ. ಸೋಬಾನೆ, ಬೀಸುವ ಪದ ಹಾಡುವ ಅಜ್ಜಿಯರ ಹೆಸರು ಬಿಟ್ಟು "ಜಾನಪದ" ಅಂತ ಒಂದೇ ಪದ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅದನ್ನು ನೋಡಿದಾಗೆಲ್ಲ ನನಗೆ ನೋವಾಗುತ್ತದೆ.

ಇನ್ನೊಂದು ಗಮನಿಸಿ. ಟೀ ಅಂಗಡಿಯಲ್ಲಿ ಶೂಟ್ ಮಾಡುವಾಗ ಗೋಡೆಯ ಮೇಲಿನ ಚಿತ್ರ ಫ್ರೇಮಿನ ಹಿಂದೆ ಸುಮ್ನೆ ಕಂಡರೆ ಕಾನೂನು ಅದಕ್ಕೆ ವಿನಾಯಿತಿ ಕೊಟ್ಟಿದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇರುವ ಶಿಲ್ಪಕ್ಕೂ ಅಷ್ಟೇ. ಅದೇ ಅಂಗಡಿಯ ರೇಡಿಯೋದಲ್ಲಿ ಬರುತ್ತಿರುವ ಹಾಡಿಗೆ ಆ ವಿನಾಯಿತಿ ಇಲ್ಲ. ರೇಡಿಯೋ ಆಫ್ ಮಾಡಿಸಿ ಮಾತು ರೆಕಾರ್ಡ್ ಮಾಡಿ.

ಸಿನಿಮಾ ಹಾಡೇ ಬೇಕು ಅಂದರೆ ಆಡಿಯೋ ಕಂಪನಿಗೆ ಇಮೇಲ್ ಬರೆದು ಯಾವ ಹಾಡು, ಎಷ್ಟು ನಿಮಿಷ, ಎಲ್ಲೆಲ್ಲಿ ತೋರಿಸುತ್ತೀರಿ ಅಂತ ತಿಳಿಸಿ ಲೈಸೆನ್ಸ್ ಕೇಳಿ. ಎಡಿಟಿಂಗ್‌ಗೆ ಮೊದಲೇ ಕೇಳಿ. ಹಾಡಿಗೆ ಕತ್ತರಿಸಿದ ದೃಶ್ಯವನ್ನು ಆಮೇಲೆ ಬೇರೆ ಹಾಡಿಗೆ ಹೊಂದಿಸುವುದು ಬಹಳ ಕಷ್ಟ. 2022ರ ನವೆಂಬರ್‌ನಲ್ಲಿ ಒಂದು ರಾಜಕೀಯ ಯಾತ್ರೆಯ ವಿಡಿಯೋದಲ್ಲಿ ಕನ್ನಡದ ದೊಡ್ಡ ಚಿತ್ರವೊಂದರ ಸಂಗೀತ ಬಳಸಿದ್ದಕ್ಕೆ ಬೆಂಗಳೂರಿನ ನ್ಯಾಯಾಲಯ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತ್ತು. ಆ ವಿಡಿಯೋ ತೆಗೆಯಬೇಕು ಅನ್ನುವ ಷರತ್ತಿನ ಮೇಲೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ದೊಡ್ಡವರಿಗೇ ಹೀಗಾದರೆ ಸಣ್ಣ ಚಾನೆಲ್‌ನವರು ಎಚ್ಚರ ಇರಲೇಬೇಕು. ಯೂಟ್ಯೂಬ್‌ನಲ್ಲಿ 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿನ ಮೇಲೆ ಬೀಳುವ ಎಚ್ಚರಿಕೆ) ಬಂದರೆ ಚಾನೆಲ್ಲೇ ಹೋಗಬಹುದು.

ಈಗ ಎಐ ಬಳಸಿ ಪ್ರಸಿದ್ಧ ಗಾಯಕರ ಧ್ವನಿಯಲ್ಲಿ ಹಾಡಿಸುವವರು ಜಾಸ್ತಿಯಾಗಿದ್ದಾರೆ. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಹೀಗೆ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಈ ದಾರಿ ಹಿಡಿಯಬೇಡಿ.

ನಿಮ್ಮ ಕ್ಯಾಮೆರಾ ಮುಂದೆ ಕೂತವರು

ಸಾಕ್ಷ್ಯಚಿತ್ರದವರು ಈ ಭಾಗ ನಿಧಾನವಾಗಿ ಓದಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನಲ್ಲೇ ಆ ತೀರ್ಪು ಪ್ರಸಿದ್ಧವಾಗಿದೆ.

ಸಂತೆಯ ಜನಸಂದಣಿಯಲ್ಲಿ ದೂರದಿಂದ ಕಂಡವರ ಸಹಿ ಕೇಳುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮುಖ ಗುರುತಾಗುವಂತೆ ಮಾತಾಡಿದವರ, ಮನೆಯೊಳಗೆ ಚಿತ್ರೀಕರಿಸಿದವರ ಒಪ್ಪಿಗೆ ಪತ್ರ ಬೇಕು. ಪತ್ರ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಫಾರಂಗೆ ಸಹಿ ಹಾಕಿಸಿಕೊಂಡು ಬರುವುದು ಒಪ್ಪಿಗೆ ಪಡೆದಂತಲ್ಲ. ನಾನು ಬಳಸುವ ಪತ್ರ ಇಷ್ಟೇ:

"ಈ ಸಾಕ್ಷ್ಯಚಿತ್ರ ಯಾವ ವಿಷಯದ ಬಗ್ಗೆ ಅಂತ ನನಗೆ ತಿಳಿಸಿದ್ದಾರೆ. ನನ್ನ ಮಾತು, ಮುಖ, ಮನೆಯನ್ನು ಚಿತ್ರೀಕರಿಸಲು ಒಪ್ಪಿದ್ದೇನೆ. ಇದನ್ನು ಚಿತ್ರೋತ್ಸವ, ಚಿತ್ರಮಂದಿರ, ಟಿವಿ, ಇಂಟರ್ನೆಟ್‌ನಲ್ಲಿ ಯಾವ ದೇಶದಲ್ಲಾದರೂ ತೋರಿಸಬಹುದು. ನನ್ನ ಮಾತಿನ ಅರ್ಥ ಬದಲಾಗುವಂತೆ ಕತ್ತರಿಸುವುದಿಲ್ಲ ಅಂತ ಅವರು ಒಪ್ಪಿದ್ದಾರೆ. ಇದಕ್ಕಾಗಿ ನನಗೆ ಇಷ್ಟು ಹಣ ಕೊಟ್ಟಿದ್ದಾರೆ, ಅಥವಾ ಹಣ ಪಡೆಯದೆ ಒಪ್ಪಿದ್ದೇನೆ."

ಕೆಳಗೆ ಹೆಸರು, ಊರು, ತಾರೀಕು, ಸಹಿ, ಒಬ್ಬ ಸಾಕ್ಷಿ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ. ಹೆಬ್ಬೆಟ್ಟಿನ ಗುರುತು ಹಾಕಿಸುವಾಗ ಅವರ ಕಡೆಯವರೇ ಒಬ್ಬರು ಸಾಕ್ಷಿ ಇರಲಿ. ಓದಿ ಹೇಳಿದ್ದನ್ನೂ ಅವರು ಒಪ್ಪಿದ್ದನ್ನೂ ವಿಡಿಯೋ ಮಾಡಿಡಿ. ಇದನ್ನು ಮಾತುಕತೆಗೆ ಮೊದಲೇ ಮಾಡಿ. ಅತ್ತು ಕಣ್ಣೊರೆಸಿಕೊಳ್ಳುತ್ತಿರುವವರ ಮುಂದೆ ಫಾರಂ ಹಿಡಿದು ನಿಲ್ಲುವ ಹಾಗಾಗಬಾರದು.

ಕೆಲವರ ಗುರುತನ್ನು ಅವರೇ ಒಪ್ಪಿದರೂ ಸುಲಭಕ್ಕೆ ತೋರಿಸುವಂತಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಬಹಿರಂಗ ಮಾಡುವುದು ಅಪರಾಧ. ಪೋಕ್ಸೋ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) ಪ್ರಕರಣದ ಮಗುವಿನ ಮನೆ, ಶಾಲೆ, ನೆರೆಹೊರೆ ಯಾವುದೂ ಗುರುತಾಗುವಂತೆ ಬರಬಾರದು. ಮುಖ ಮಸುಕು ಮಾಡಿ ಶಾಲೆಯ ಬೋರ್ಡ್ ಬಿಟ್ಟರೆ ಗುರುತು ಸಿಕ್ಕೇ ಸಿಗುತ್ತದೆ. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಮಕ್ಕಳಿಗೂ ಬಾಲನ್ಯಾಯ ಕಾಯ್ದೆ ಇದೇ ರಕ್ಷಣೆ ಕೊಟ್ಟಿದೆ.

ಯಾರ ಬಗ್ಗೆಯಾದರೂ ಆರೋಪ ಬರುವ ಚಿತ್ರವಾದರೆ ದಾಖಲೆ ಕೈಯಲ್ಲಿರಲಿ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಸಜೆ ಆಗಬಹುದು. ಕೋರ್ಟ್ ದಾಖಲೆ, ಸರ್ಕಾರಿ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಆಧರಿಸಿ ಮಾತಾಡುವುದು ಸುರಕ್ಷಿತ. ಆರೋಪ ಹೊತ್ತವರಿಗೆ ಪ್ರಶ್ನೆ ಕಳಿಸಿ, ಉತ್ತರಿಸಲು ಸಮಯ ಕೊಡಿ, ಕಳಿಸಿದ ಇಮೇಲ್ ಜೋಪಾನ ಮಾಡಿ. ಕಥಾಚಿತ್ರದ ಶುರುವಿನಲ್ಲಿ "ಎಲ್ಲಾ ಪಾತ್ರಗಳು ಕಾಲ್ಪನಿಕ" ಅಂತ ಹಾಕಿದರೂ, ಊರಿನವರಿಗೆಲ್ಲ ಇದು ಯಾರು ಅಂತ ಗೊತ್ತಾಗುವ ಹಾಗಿದ್ದರೆ ಆ ಸಾಲು ಕಾಪಾಡುವುದಿಲ್ಲ. ಪಾತ್ರ ಹೇಳುವ ಫೋನ್ ನಂಬರ್, ಗಾಡಿಯ ನಂಬರ್ ಯಾರದೋ ನಿಜವಾದದ್ದಾಗಿರಬಾರದು. ನಂಬರ್ ನಿಮ್ಮದೇ ತಂಡದ ಒಂದು ಸಿಮ್‌ನದು ಇರಲಿ.

ಮಕ್ಕಳು ನಟಿಸುವುದಾದರೆ

"ನಮ್ಮ ಅಕ್ಕನ ಮಗಳೇ, ಏನೂ ತೊಂದರೆ ಇಲ್ಲ" ಅನ್ನಬೇಡಿ. 14 ವರ್ಷದೊಳಗಿನ ಮಕ್ಕಳಿಗೆ ಕಲಾವಿದರಾಗಿ ಕೆಲಸ ಮಾಡಲು 1986ರ ಬಾಲಕಾರ್ಮಿಕ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಷರತ್ತಿನ ಮೇಲೆ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿ ಬೇಕು. ಅದು ಆರು ತಿಂಗಳಿಗೆ ಸಿಗುತ್ತದೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಬಿಡುವು ಕೊಡದೆ ಮೂರು ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಐದು ಮಕ್ಕಳಿಗೆ ಕನಿಷ್ಠ ಒಬ್ಬರು ಜವಾಬ್ದಾರಿ ಹೊತ್ತವರು ಸೆಟ್‌ನಲ್ಲಿ ಇರಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು.

ಕಾನೂನಿನಲ್ಲಿ ಇನ್ನೊಂದು ಸಾಲಿದೆ. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಮಾಡಿಸುವಂತಿಲ್ಲ. ಅಪ್ಪ ಅಮ್ಮ ಸಹಿ ಹಾಕಿದರೂ ಮಗು ಬೇಡ ಅಂದರೆ ಆ ದಿನದ ಶೂಟಿಂಗ್ ನಿಲ್ಲಿಸಬೇಕು. ಶೆಡ್ಯೂಲ್ ಹಾಕುವಾಗಲೇ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಜಾಗ, ಡ್ರೋನ್, ಪ್ರಾಣಿ

ಖಾಸಗಿ ಮನೆಯಾದರೆ ಖಾತೆ ಯಾರ ಹೆಸರಲ್ಲಿದೆ ಅಂತ ಕೇಳಿ. ಬಾಡಿಗೆಗೆ ಇರುವವರ ಒಪ್ಪಿಗೆ ಜೊತೆ ಮಾಲೀಕರದೂ ಬೇಕು. ಅಣ್ಣತಮ್ಮಂದಿರ ಜಂಟಿ ಮನೆಯಾದರೆ ಎಲ್ಲರ ಒಪ್ಪಿಗೆ ಪಡೆಯಿರಿ. ದಿನ, ಹೊತ್ತು, ಬಾಡಿಗೆ, ಏನಾದರೂ ಒಡೆದರೆ ಯಾರು ಕೊಡುತ್ತಾರೆ, ಇಷ್ಟು ಬರೆದರೆ ಸಾಕು.

ಸರ್ಕಾರಿ ಜಾಗಕ್ಕೆ ಯಾರ ಬಾಗಿಲು ತಟ್ಟಬೇಕು ಅನ್ನುವುದೇ ಮುಖ್ಯ. ಹಂಪಿ, ಬಾದಾಮಿ, ಪಟ್ಟದಕಲ್ಲಿನ ಸಂರಕ್ಷಿತ ಸ್ಮಾರಕಗಳು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯವು. ರಾಜ್ಯದ ಸ್ಮಾರಕಕ್ಕೆ ರಾಜ್ಯದ ಪುರಾತತ್ವ ಇಲಾಖೆ. ಮುಜರಾಯಿ ದೇವಸ್ಥಾನಕ್ಕೆ ಮುಜರಾಯಿ ಇಲಾಖೆ. ಲಾಲ್‌ಬಾಗ್‌ಗೆ ತೋಟಗಾರಿಕೆ ಇಲಾಖೆ. ಕಾಡಿಗೆ ಅರಣ್ಯ ಇಲಾಖೆ, ಅಭಯಾರಣ್ಯ ಅಥವಾ ಹುಲಿ ಸಂರಕ್ಷಿತ ಪ್ರದೇಶವಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಮಟ್ಟದವರೆಗೆ ಹೋಗುತ್ತದೆ. ರೈಲು ನಿಲ್ದಾಣಕ್ಕೆ ರೈಲ್ವೆ ಇಲಾಖೆ, ನಮ್ಮಲ್ಲಿ ಬಹುಪಾಲು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆ. ರಸ್ತೆಗೆ ಪೊಲೀಸರು ಮತ್ತು ಪಾಲಿಕೆ ಎರಡೂ. ಕೊನೆ ವಾರದಲ್ಲಿ ಅರ್ಜಿ ಹಾಕಿದರೆ ಆಗದ ಕೆಲಸ. ಒಂದು ತಿಂಗಳು ಮೊದಲೇ ಹೋಗಿ, ಸ್ಕ್ರಿಪ್ಟಿನ ಆ ದೃಶ್ಯದ ಪ್ರತಿ ಜೊತೆಗಿರಲಿ. ಅನುಮತಿ ಸಿಕ್ಕ ಮೇಲೆ ಸ್ಥಳೀಯ ಠಾಣೆಗೂ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಮತಿ ಪತ್ರದ ಪ್ರತಿ ಲೊಕೇಶನ್‌ನಲ್ಲಿ ಇರುವವರ ಜೇಬಿನಲ್ಲಿರಲಿ.

ಡ್ರೋನ್‌ಗೆ 2021ರ ನಿಯಮಗಳಿವೆ. 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ಹಣಕ್ಕಾಗಿ ಮೈಕ್ರೋ ಹಾರಿಸುವವರ ಬಳಿ ಪೈಲಟ್ ಪ್ರಮಾಣಪತ್ರ ಇರಬೇಕು, ಡ್ರೋನ್‌ಗೆ ನೋಂದಣಿ ಸಂಖ್ಯೆ ಇರಬೇಕು. ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಕೇಳಬೇಕಿಲ್ಲದ ಕಡೆ, 400 ಅಡಿವರೆಗೆ ಹಾರಿಸಬಹುದು. ಆದರೆ ಬೆಂಗಳೂರಿನಲ್ಲಿ ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ, ದೇವನಹಳ್ಳಿ ಎಲ್ಲಾ ಇರುವುದರಿಂದ ಮೊದಲು ವಲಯದ ನಕ್ಷೆ ನೋಡಿ. ಬಾಡಿಗೆಗೆ ಬರುವ ಹುಡುಗ "ಏನೂ ಆಗಲ್ಲ ಸರ್" ಅಂದರೆ ಅವನ ಪ್ರಮಾಣಪತ್ರ ಕೇಳಿ.

ಪ್ರಾಣಿ ಇದ್ದರೆ ಶೂಟಿಂಗ್‌ಗೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಆಮೇಲೆ ಸೆನ್ಸಾರ್‌ನವರು ಅದರ ಪತ್ರ ಕೇಳುತ್ತಾರೆ. ಮನೆಯ ನಾಯಿಯೂ ಇದರಲ್ಲಿ ಸೇರುತ್ತದೆ. ಪಂಜರದ ಗಿಳಿ, ಹಾವಾಡಿಗರ ನಾಗರಹಾವು ಬೇಡವೇ ಬೇಡ. ಅವು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಇರುವ ಜೀವಿಗಳು.

ಸೆಟ್ ಮೇಲೆ ಜನರ ಜೀವ

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಧಾರಾವಾಹಿಯೊಂದರ ಸೆಟ್‌ಗೆ ಬೆಂಕಿ ಬಿದ್ದು 62 ಜನ ಸತ್ತರು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿದರು. ಚಿತ್ರತಂಡದವರ ಮೇಲೆ ಪೊಲೀಸ್ ಕೇಸಾಯಿತು. ಸಣ್ಣ ಚಿತ್ರದಲ್ಲಿ ಇಂಥ ಸಾಹಸ ಇರುವುದಿಲ್ಲ, ನಿಜ. ಆದರೆ ಕೆರೆಯ ದೃಶ್ಯ ಇರುತ್ತದೆ, ಕೊಳ್ಳಿ ಹಿಡಿದು ಓಡುವುದು ಇರುತ್ತದೆ, ಮಳೆಯಲ್ಲಿ ಲೈಟ್ ವೈರ್ ಎಳೆಯುವುದು ಇರುತ್ತದೆ. ನೀರಿನ ದೃಶ್ಯಕ್ಕೆ ಈಜು ಬಲ್ಲ ಇಬ್ಬರು ದಡದಲ್ಲಿ ಇರಲೇಬೇಕು. ಬೆಂಕಿ ಆರಿಸುವ ಸಾಧನ ಬಾಡಿಗೆಗೆ ಸಿಗುತ್ತದೆ. ತಂಡಕ್ಕೆ ಅಪಘಾತ ವಿಮೆ ಮಾಡಿಸಿ. ಬಜೆಟ್ ಬಿಗಿಯಾದಾಗ ಮೊದಲು ಕೈಬಿಡುವುದು ಇದನ್ನೇ, ದಯವಿಟ್ಟು ಹಾಗೆ ಮಾಡಬೇಡಿ. ಅದರ ಬದಲು ಒಂದು ಲೆನ್ಸ್ ಕಡಿಮೆ ತನ್ನಿ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಅಷ್ಟು ಜನ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೊದಲ ದಿನವೇ ತಂಡದ ಎಲ್ಲರಿಗೂ ಇದನ್ನು ಹೇಳಿ, ಯಾರಿಗೆ ಹೇಳಬೇಕು ಅಂತ ಹೆಸರು ಕಾಲ್‌ಶೀಟಿನಲ್ಲೇ (ತಂಡಕ್ಕೆ ಕೊಡುವ ಆ ದಿನದ ಕೆಲಸದ ಪಟ್ಟಿ) ಹಾಕಿ.

ಕುಂಬಳಕಾಯಿ ಒಡೆದ ಮೇಲೆ

ಥಿಯೇಟರ್‌ನಲ್ಲಿ ತೋರಿಸುವುದಾದರೆ ಎರಡು ನಿಮಿಷದ ಚಿತ್ರಕ್ಕೂ ಸೆನ್ಸಾರ್ ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲೇ ಪ್ರಾದೇಶಿಕ ಕಚೇರಿ ಇದೆ, ಅರ್ಜಿ ಆನ್‌ಲೈನಲ್ಲಿ. 2023ರ ತಿದ್ದುಪಡಿ ಆದ ಮೇಲೆ ಯು/ಎ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ದರ್ಜೆ) ಮೂರು ಭಾಗವಾಗಿದೆ: 7, 13, 16 ವರ್ಷದ ಮೇಲಿನವರಿಗೆ ಅಂತ. ಪ್ರಮಾಣಪತ್ರಕ್ಕೆ ಹಿಂದೆ ಇದ್ದ ಹತ್ತು ವರ್ಷದ ಮಿತಿಯೂ ಹೋಗಿದೆ. ಚಿತ್ರೋತ್ಸವಗಳು ಕೇಂದ್ರ ಸರ್ಕಾರದಿಂದ ವಿನಾಯಿತಿ ಪಡೆದು ಪ್ರಮಾಣಪತ್ರ ಇಲ್ಲದ ಚಿತ್ರ ತೋರಿಸಬಹುದು. ಸೆನ್ಸಾರ್ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಈಗ ಹೈಕೋರ್ಟಿಗೆ, ಹಿಂದಿದ್ದ ನ್ಯಾಯಮಂಡಳಿ 2021ರಲ್ಲಿ ರದ್ದಾಯಿತು. ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಟ್ಟ ಮೇಲೆ ಸರ್ಕಾರ ಅದನ್ನು ಮತ್ತೆ ತಿದ್ದುವಂತಿಲ್ಲ ಅನ್ನುವ ತೀರ್ಪು ತಂದುಕೊಟ್ಟವರು ಕನ್ನಡದ ನಿರ್ದೇಶಕ ಕೆ.ಎಂ. ಶಂಕರಪ್ಪ. ಸುಪ್ರೀಂ ಕೋರ್ಟ್ 2000ದಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮ ಹುಡುಗರಿಗೆ ಈ ಹೆಸರು ಗೊತ್ತಿರಬೇಕು.

ಯೂಟ್ಯೂಬ್‌ಗೆ ಸೆನ್ಸಾರ್ ಬೇಡ. ಆದರೆ ಮೇಲೆ ಹೇಳಿದ ಕಾಪಿರೈಟ್, ಮಾನಹಾನಿ, ಗುರುತು ಮುಚ್ಚುವ ನಿಯಮ ಯಾವುದೂ ತಪ್ಪುವುದಿಲ್ಲ. ಬೀಡಿ ಸಿಗರೇಟ್ ಸೇದುವ ದೃಶ್ಯ ಇದ್ದರೆ ಥಿಯೇಟರ್‌ನಲ್ಲಿ ಶುರುವಿಗೆ ಮತ್ತು ಮಧ್ಯಕ್ಕೆ ಎಚ್ಚರಿಕೆ ಚಿತ್ರ, ದೃಶ್ಯದ ಕೆಳಗೆ ಸಾಲು ಬೇಕು. 2023ರ ಸೆಪ್ಟೆಂಬರ್‌ನಿಂದ ಒಟಿಟಿಗೂ ಈ ನಿಯಮ ಬಂದಿದೆ. ಕಥೆಗೆ ಬೀಡಿ ಬೇಕೇ ಬೇಕಾ ಅಂತ ಸ್ಕ್ರಿಪ್ಟ್ ಹಂತದಲ್ಲೇ ನೋಡಿ.

ಕೊನೆಗೆ ಒಂದು ಫೈಲ್. ಕಥೆಯ ಹಕ್ಕು ಮೇಲೆ, ಆಮೇಲೆ ತಂಡದ ಪತ್ರಗಳು, ಸಂಗೀತದ ಲೈಸೆನ್ಸ್, ಒಪ್ಪಿಗೆ ಪತ್ರಗಳು, ಲೊಕೇಶನ್ ಅನುಮತಿ, ಹಣ ಕೊಟ್ಟ ರಸೀದಿ. ಎಲ್ಲಾ ಸ್ಕ್ಯಾನ್ ಮಾಡಿ ಫುಟೇಜ್ ಇರುವ ಡಿಸ್ಕಿನಲ್ಲೇ ಒಂದು ಫೋಲ್ಡರ್ ಮಾಡಿ ಹಾಕಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಒಟಿಟಿಯವರು, ಚಿತ್ರೋತ್ಸವದವರು ಕೇಳುವುದು ಇದನ್ನೇ, ಕೇಳಿದ ಎರಡು ಮೂರು ದಿನದಲ್ಲಿ ಕಳಿಸಬೇಕಾಗುತ್ತದೆ.

ನನ್ನ ಆ ಫೈಲಿನ ಮೊದಲ ಹಾಳೆಯಲ್ಲಿ ಈಗ ಮೂರು ಸಹಿ ಇವೆ. ಕಿರಿಯ ಮಗಳ ಮನೆಗೆ ನಾಲ್ಕು ಸಲ ಹೋದೆ. ನಾಲ್ಕನೇ ಸಲ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತೋರಿಸಿದೆ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಪ್ಪ ಆ ಅಜ್ಜಿ ಪಾತ್ರಕ್ಕೆ ನಮ್ಮ ಸೋದರತ್ತೆ ಹೆಸರು ಇಟ್ಟಿದ್ದರು, ನೀವು ಯಾಕೆ ಬದಲಾಯಿಸಿದ್ರಿ?" ಅಂತ ಕೇಳಿದರು. ಡಬ್ಬಿಂಗ್‌ನಲ್ಲಿ ಆ ಹೆಸರು ಸರಿಮಾಡಿದೆ. ಮುಂದಿನ ವಾರ ಅವರು ಸಹಿ ಹಾಕಿದರು.